ಕಾಲಂ ಏಳು

ಚಿಂತಾಮಣಿಯ ನಮ್ಮ ಪಾಲಿಟೆಕ್ನಿಕ್ಕಿಗೆ ಸುತ್ತೋಲೆ ಬಂದಿದೆ:
ಈ ತಂತ್ರಾಂಶವನ್ನು ಮೂರು ವಾರ ಬಳಸಿ ನೋಡಿ
ಒಂದರಿಂದ ಐದರೊಳಗೆ ಅಂಕ ಕೊಡತಕ್ಕದ್ದು.
ಇಪ್ಪತ್ತೆರಡು ವರ್ಷ ಮಕ್ಕಳಿಗೆ ಅಂಕ ಕೊಟ್ಟವನು
ಪೆನ್ನಿನ ಕ್ಯಾಪು ಕಚ್ಚಿಕೊಂಡು ಕೂತಿದ್ದೇನೆ.

ಪರದೆಯ ಮೇಲೆ ಉಕ್ಕಿನ ಸರಳು.
ಎಳೆದರೆ ಹಿಗ್ಗುತ್ತದೆ, ನಡು ಸಣ್ಣಗಾಗುತ್ತದೆ,
ನೀಲಿಯಿಂದ ಹಳದಿ, ಹಳದಿಯಿಂದ ಕೆಂಪು,
ಆಮೇಲೆ ಎರಡು ತುಂಡು. ಸದ್ದಿಲ್ಲ.
ಪಿಳ್ಳಪ್ಪ ಪೊರಕೆ ಹಿಡಿದೇ ಬಗ್ಗಿ ನೋಡಿದ:
"ಮುರಿದ್ರೂ ಗುಡಿಸೋಕೇನೂ ಬೀಳಲ್ವಲ್ಲ ಸಾ."

ಹಳೆಯ ಯಂತ್ರ ಮೂಲೆಯಲ್ಲಿದೆ, ಎಣ್ಣೆ ಸೋರುತ್ತ.
ಅಡಿಯಲ್ಲಿ ಒಂದು ಪೇಂಟಿನ ಡಬ್ಬಿ.
ಅದರಲ್ಲಿ ಸರಳು ಮುರಿದರೆ
ಕಿಟಕಿಯ ಪಾರಿವಾಳಗಳೆಲ್ಲ ಎದ್ದು ಹೋಗುತ್ತಿದ್ದವು,
ಮುರಿದ ತುದಿ ಮುಟ್ಟಿದರೆ ಬೆಚ್ಚಗಿರುತ್ತಿತ್ತು.
ಬೆಚ್ಚಗೆ ಎಂದು ಬರೆಯಲು ನಮೂನೆಯಲ್ಲಿ ಜಾಗವಿಲ್ಲ.
ಆದರೆ ವರ್ಷಕ್ಕೆ ಮಂಜೂರಾಗುತ್ತಿದ್ದದ್ದು ಆರು ಸರಳು. ಮಕ್ಕಳು ಅರವತ್ತು.
ಒಬ್ಬ ಮುರಿಯುತ್ತಿದ್ದ, ಉಳಿದವರು ಬರೆದುಕೊಳ್ಳುತ್ತಿದ್ದರು.

ಎರಡು ಅಂಕ ಸಾಕೆಂದುಕೊಂಡು
ಬಳಕೆಯ ದಾಖಲೆ ತೆರೆದೆ.
ಶಾಯಿಸ್ತಾ, ಮೂರನೇ ಸೆಮಿಸ್ಟರ್.
ಸೇತುವೆಯ ಲೆಕ್ಕ, ನಲವತ್ತೊಂದು ಸಲ.
ಹಾಜರಿಗೂ ತುಟಿ ಬಿಚ್ಚದೆ ಬರೀ ಕೈ ಎತ್ತುವ ಹುಡುಗಿ.
ನಲವತ್ತು ಸಲ ಕುಸಿದಿದೆ ಅವಳ ಸೇತುವೆ,
ನಲವತ್ತು ಸಲವೂ ಇದು ಅಂದಿದೆ ಮತ್ತೆ ಪ್ರಯತ್ನಿಸಿ,
ಅದೇ ಹಸಿರು ಅಕ್ಷರದಲ್ಲಿ, ಒಂದಿಷ್ಟೂ ದಪ್ಪಗಾಗದೆ.

ಮೂರನೆಯ ಸಲಕ್ಕೆ ನಾನೇನೆನ್ನುತ್ತಿದ್ದೆ,
ಪಿಳ್ಳಪ್ಪನನ್ನು ಕೇಳಿ.

ಕರೆದು ಕೇಳಿದೆ: ಹೇಗಿದೆಯಮ್ಮ ಇದು?
ಶಿಡ್ಲಘಟ್ಟದ ಬಸ್ಸಿಗೆ ಹೊತ್ತಾಗಿತ್ತು, ಬ್ಯಾಗಿನ ಜಿಪ್ಪು ಎಳೆಯುತ್ತ ಅಂದಳು
"ಚೆನ್ನಾಗಿದೆ ಸರ್. ಆದ್ರೆ ಕೆಂಪು ಬರೋದು ತಡ.
ಮನೇಲಿ ಗೂಡಿಂದ ನೂಲು ಬಿಚ್ಚೋವಾಗ
ಎಳೆ ಹರಿಯೋಕೆ ಮುಂಚೇನೇ ಬೆರಳಿಗೆ ಗೊತ್ತಾಗತ್ತೆ,
ಒಂಥರಾ ಸಡಿಲ... ಅದನ್ನ ಇದು ಹೇಳಲ್ಲ."
ಬಿಸಿನೀರಲ್ಲಿ ಬೆಂದು ಬಿಳುಚಿದ ಬೆರಳ ತುದಿ.

ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ನಾನೆಳೆದ ಗೆರೆ
ಬಾಗಲು ಶುರುವಾಗುವ ಆ ಚುಕ್ಕಿ
ಅಲ್ಲಿತ್ತು. ನಾನು ಕೇಳಿರಲಿಲ್ಲ.

ಕಾಲಂ ಏಳು: ಇತರೆ ಅಭಿಪ್ರಾಯ, ಚುಟುಕಾಗಿ.
ಬರೆದೆ: ತಾಳ್ಮೆಗೆ ಐದು.
ಬೆರಳಿಗೆ, ಸೊನ್ನೆ ಕೊಡಲು ಅವಕಾಶವಿಲ್ಲದ್ದರಿಂದ, ಒಂದು.
ಮೇಷ್ಟರಿಗೆ ಅಂಕ ಹಾಕುವ ನಮೂನೆ ಇದ್ದರೆ ಕಳಿಸಿಕೊಡಿ.
ಕೊನೆಯ ಸಾಲು ಹೊಡೆದು ಹಾಕಿ
ಯಂತ್ರದ ವಾಷರಿಗೆ ಇನ್ನೂರೆಂಬತ್ತು ರೂಪಾಯಿ ಬೇಕೆಂದು ಸೇರಿಸಿದೆ.
ಹಿಂದೆ ಪಿಳ್ಳಪ್ಪ, ತುಂಬಿದ ಡಬ್ಬಿಯನ್ನು ತುಳುಕದಂತೆ
ಎರಡೂ ಕೈಯಲ್ಲಿ ಎತ್ತುತ್ತಿದ್ದ.