ಇನ್ನೂರೈವತ್ತು ಪದ ಮೀರದಂತೆ

ನಲವತ್ತೊಂದನೆಯ ಅರ್ಜಿ. ಗ್ರಿಮ್ಸ್‌ಬಿಯಲ್ಲಿ ರಾತ್ರಿ ಹನ್ನೊಂದು,
ಕಿಟಕಿಯ ಸಂದಿಯಿಂದ ಬಂದರಿನ ಗಾಳಿ.
ಹೆಸರು: ಬೆಥನ್ ಆಸ್ಗರ್ಬಿ. ಕಾನೂನು, ಎರಡನೆಯ ವರ್ಷ.
ತಂದೆ ತಾಯಿ ವಿಶ್ವವಿದ್ಯಾಲಯ ಕಂಡವರೇ? ಇಲ್ಲ.
(ಕಂಡಿದ್ದಾನೆ ಅಪ್ಪ, ಒಮ್ಮೆ, ನನ್ನ ಪೆಟ್ಟಿಗೆ ಇಳಿಸುವಾಗ.
ವ್ಯಾನಿಗೆ ಅರವತ್ತು ಪೌಂಡು ದಂಡ ಬಿತ್ತು.)

ಬೇಸಿಗೆಯ ಎರಡು ವಾರ, ಲಂಡನ್ನಿನ ಗಾಜಿನ ಹದಿನೆಂಟನೆಯ ಮಹಡಿ.
ಅಷ್ಟಕ್ಕೆ ಮೊದಲು ತ್ರಿಕೋನ, ಚೌಕ, ಮುಂದಿನದು ಯಾವುದು.
ಆಮೇಲೆ ಕ್ಯಾಮೆರಾ ಮುಂದೆ ಮಾತು; ಆಚೆ ಯಾರೂ ಇಲ್ಲ,
ಮೂವತ್ತು, ಇಪ್ಪತ್ತೊಂಬತ್ತು ಎಂದು ಇಳಿಯುವ ಅಂಕಿಗೆ
ನಕ್ಕು ತೋರಿಸಬೇಕು.
ಆಮೇಲೆ ಮೌನ. ಆಮೇಲೊಂದು ಶುಕ್ರವಾರ ಸಂಜೆ
'ಈ ವರ್ಷದ ಅರ್ಜಿಗಳ ಗುಣಮಟ್ಟ ಅಸಾಧಾರಣವಾಗಿತ್ತು.'
ನನ್ನದೊಂದನ್ನು ಬಿಟ್ಟು.

ಇಪ್ಪತ್ತಮೂರನೆಯದು ಮಾತ್ರ ನಿಜವಾದ ಕೋಣೆ ತನಕ ಹೋಗಿತ್ತು.
ತಂದೆ ಏನು ಮಾಡುತ್ತಾರೆ? ಮೀನು, ಎಂದೆ.
ಆಹಾ, ಸಮುದ್ರ! ಎಂದರು ಆ ಬೆಳ್ಳಿಕೂದಲಿನವರು.
ಅಲ್ಲ ಸಾರ್, ಚಾಕು.
ಅಲ್ಲಿಗೆ ನೀರಿನ ಲೋಟ ತುಂಬಿಸಿಕೊಂಡರು.

ಸಹಪಾಠಿ ಕ್ಲೆಮೆನ್ಸಿಯನ್ನು ಅವಳ ಸೋದರಮಾವ ಊಟಕ್ಕೆ ಕರೆದಿದ್ದ,
ಊಟ ಮುಗಿಯುವಷ್ಟರಲ್ಲಿ ಅದೂ ಮುಗಿದಿತ್ತು.
ಅವಳು ಒಳ್ಳೆಯವಳು. ತನ್ನ ಕಪ್ಪು ಕೋಟು ಕೊಟ್ಟಿದ್ದಾಳೆ ನನಗೆ.
ತೋಳು ಉದ್ದ.

ಈ ಸಂಸ್ಥೆಗೆ ಮೂವರ ಹೆಸರು, ಮೂವರೂ ಸತ್ತು ನೂರು ವರ್ಷ.
ಪ್ರಶ್ನೆ ನಾಲ್ಕು: ನಮ್ಮಲ್ಲಿಗೇ ಏಕೆ?
ನಾವು ಮುಗಿಸಿಕೊಟ್ಟ ಒಂದು ವ್ಯವಹಾರ ಆರಿಸಿ ವಿವರಿಸಿ.
ಹುಡುಕಿದೆ. ವಿಮಾನ ನಿಲ್ದಾಣ, ಔಷಧ, ಕಡಲ ಗಾಳಿಯಂತ್ರ.
ಏಳನೆಯ ಪುಟದಲ್ಲಿ, ಸಣಕಲು ಅಕ್ಷರದಲ್ಲಿ, ನಮ್ಮ ಕಾರ್ಖಾನೆ.
ಹೆಸರಿಲ್ಲ. 'ಪೂರ್ವ ತೀರದ ಒಂದು ಶೀತಲ ಆಹಾರ ಘಟಕ.
ಕೊಂಡವರ ಪರ ನಾವು. ಹತ್ತೊಂಬತ್ತೇ ದಿನ.'
ವರ್ಷ ನೋಡಿದೆ. ನನಗಾಗ ಹನ್ನೆರಡು.
ಆ ಚಳಿಗಾಲ ಅಪ್ಪ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು
ಅಡುಗೆಮನೆಯ ಮೇಜಿನ ಮೇಲಿಟ್ಟ, ಯಾರೂ ಮಾತಾಡಲಿಲ್ಲ.
ಚಾಕು ಅವನ ಸ್ವಂತದ್ದು.
ಅದೊಂದನ್ನು ಕೊಂಡವರು ಕೊಂಡಿರಲಿಲ್ಲ.

ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರೆಯಲು ಕಲಿತಿದ್ದೇನೆ:
ಸವಾಲು, ಅವಕಾಶ, ಮರುರಚನೆ.
ನಲವತ್ತು ಸಲ ಬರೆದು ಬೆರಳಿಗೇ ಬಾಯಿಪಾಠ.
ಈ ಸಲ ಬೆರಳು ಮಾತು ಕೇಳಲಿಲ್ಲ.
ಹ್ಯಾಡಕ್ ಮೀನಿನ ಬೆಲೆ ಬರೆದೆ, ಆ ವರ್ಷದ ಬೆಳಗಿನ ಹರಾಜಿನದು,
ಕರೆಂಟಿನ ದರ, ಪೋಲೆಂಡಿನ ಕೂಲಿಯ ದರ,
ಕೊಂಡವನ ಲೆಕ್ಕ ಸರಿಯೇ ಇತ್ತು ಎಂದೂ ಬರೆದೆ; ಸರಿಯೇ ಇತ್ತು.
ಬೀದಿಗೆ ಬಿದ್ದವರು 312 ಎಂದು ಬರೆದು,
ಆ ಹತ್ತೊಂಬತ್ತು ದಿನ ಕಾಗದಪತ್ರ ಹೊಸೆದವರ ಕೋಣೆಯಲ್ಲಿ
ಒಮ್ಮೆ ಕೂತು ನೋಡಬೇಕು ನನಗೆ, ಎಂದೆ.
ಬೆಂಕಿ ಹಾಕುವುದಕ್ಕೋ, ಕೆಲಸ ಕಲಿಯುವುದಕ್ಕೋ
ನನಗೇ ಗೊತ್ತಿಲ್ಲ. ಅದನ್ನು ಬರೆಯಲಿಲ್ಲ.

ಆರಕ್ಕೆ ಅಪ್ಪ ಬಂದ, ಹೊಗೆಮನೆಯ ರಾತ್ರಿಪಾಳಿ ಮುಗಿಸಿ,
ಅಂಗಿಯ ತುಂಬ ಓಕ್ ಹೊಟ್ಟಿನ ವಾಸನೆ.
ಕನ್ನಡಕ ಹುಡುಕಿ ನಿಂತೇ ಓದಿದ. ತುಟಿ ಅಲ್ಲಾಡುತ್ತಿತ್ತು.
ಬೈದಾನು ಎಂದುಕೊಂಡೆ. ಕೆಟಲಿಗೆ ನೀರು ತುಂಬಿದ.
'ಮುನ್ನೂರ ಹದಿನಾಲ್ಕು,' ಅಂದ.
'ಗ್ಲೆನಿಸ್, ಮತ್ತೆ ಆ ಪ್ಯಾಕಿಂಗಿನ ಹುಡುಗ ಡ್ಯಾರೆಲ್.
ಪಟ್ಟಿ ಅಂಟಿಸೋ ಹಿಂದಿನ ದಿನವೇ ಕಳಿಸಿಬಿಟ್ರು ಅವರನ್ನ.
ಪೇಪರಿನವರು ಎಣಿಸಲೇ ಇಲ್ಲ.'
ಸ್ವಲ್ಪ ಹೊತ್ತು ಬಿಟ್ಟು:
'ಆ ಕೋಟು ಕೊಡು ಇಲ್ಲಿ. ತೋಳು ಮಡಚಿ ಹೊಲೀಬೇಕು.'

ತಿದ್ದಿದೆ. ಅಂಕಿಯಲ್ಲಿ ಬರೆದರೆ
ಇಬ್ಬರು ಹೆಚ್ಚಾದರೂ ಪದ ಹೆಚ್ಚಾಗುವುದಿಲ್ಲ.
ಇನ್ನೂರೈವತ್ತು. ಸರಿ, ಎಂದಿತು ಪರದೆ, ಹಸಿರಾಗಿ.