ಉಸಿರಾಡದ ಗಾಡಿಗೆ ಮೂಗು

ಟಪಾಲಿನ ಹೊಸ ಗಾಡಿ ನನ್ನ ಶೆಡ್ಡಿಗೆ ಬಂದ ದಿನ
ಆಟೋ ಕಾಂಪ್ಲೆಕ್ಸಿನ ಹುಡುಗರೆಲ್ಲ ಪಾನಾ ಕೆಳಗಿಟ್ಟು ನಕ್ಕರು.
ಮೂತಿಯಿಲ್ಲ. ಹಣೆಯೇ ಮುಕ್ಕಾಲು.
ಗಾಜು ಮೊಣಕಾಲಿನ ತನಕ ಇಳಿಬಿದ್ದು
ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ನಿಂತಿತ್ತು.
"ಫ್ರಿಜ್ಜಿಗೆ ಗಾಲಿ ಕಟ್ಟಿದಾರೆ" ಅಂದ ವೆಲ್ಡಿಂಗ್ ಪರಮೇಶಿ.
"ಅಲ್ಲ, ಬ್ರೆಡ್ಡು" ಅಂದ ಇನ್ನೊಬ್ಬ, "ಕೊಯ್ಯದ ಬ್ರೆಡ್ಡು."

ಜೊತೆಗೆ ಬಂದ ಸಾಹೇಬರು ದನಿ ತಗ್ಗಿಸಿದರು:
ಸೋಮವಾರ ಬಾವುಟ ಬೀಸಲಿಕ್ಕಿದೆ, ಫೋಟೋದವರು ಬರುತ್ತಾರೆ,
ಇದಕ್ಕೊಂದು ಮುಖ ಅಂತ ಮಾಡಿಕೊಡಿ, ದಸ್ತಗೀರ್.
ಜಾಲರಿ ಇರಲಿ, ಕ್ರೋಮು ಇರಲಿ,
ನೋಡಿದರೆ ಗಾಡಿ ಅನ್ನಿಸಬೇಕು.

ಮುಂದೆ ತಟ್ಟಿ ನೋಡಿದೆ.
ಎಂಜಿನ್ ಇಲ್ಲ. ರೇಡಿಯೇಟರ್ ಇಲ್ಲ.
ಬ್ಯಾಟರಿ ನೆಲದಡಿ ಮಲಗಿದೆ, ಗಾಳಿಯ ಹಂಗಿಲ್ಲದೆ.
ಉಸಿರೇ ಆಡದ್ದಕ್ಕೆ ಮೂಗು ಕೇಳುತ್ತಿದ್ದಾರೆ.
ನಾನೇನು ಹೇಳಲಿ, ಬಾಡಿ ಕಟ್ಟುವವನು?
ಮದುವೆ ಬಸ್ಸಿಗೆ ನವಿಲು ಕೂರಿಸಿದ್ದೇನೆ,
ಮರಳು ಲಾರಿಯ ಹಣೆಗೆ ಕಣ್ಣು ಬರೆಸಿದ್ದೇನೆ,
ಯಾವ ನವಿಲೂ ಒಂದು ಲೀಟರ್ ಡೀಸೆಲ್ ಉಳಿಸಿಲ್ಲ.
ಆದರೂ ನವಿಲಿಲ್ಲದ ಬಸ್ಸು ಹತ್ತಲು
ಬೀಗರು ಮುಖ ಸಿಂಡರಿಸುತ್ತಾರೆ, ಅದೂ ನಿಜವೇ.

ಎರಡು ರಾತ್ರಿ ಕೂತು ಮಾಡಿದೆ.
ಹನ್ನೊಂದು ಪಟ್ಟಿ, ನಡುವೆ ಬಾಗು,
ತಗಡಿನ ಬಾನೆಟ್ಟು ಮೊಳದುದ್ದ ಮುಂದಕ್ಕೆ,
ಗಾಜಿನ ಕೆಳಗಿನರ್ಧ ಮುಚ್ಚಿ.
ಸುಳ್ಳು ಯಾಕೆ, ಚಂದ ಬಂದಿತ್ತು.
ನಕ್ಕ ಹುಡುಗರೇ ಮೊಬೈಲು ತೆಗೆದರು.

ಹನ್ನೆರಡನೆಯ ದಿನ ಗುತ್ಯಮ್ಮ ಬಂದಳು,
ಸೊರಬದ ಕಡೆಯವಳು, ಸಾಗರದ ಲೈನು ಓಡಿಸುವವಳು.
ನಮಸ್ಕಾರ ಇಲ್ಲ, ಟೀ ಬೇಡ.
"ಮೂಗು ಬಿಚ್ಚಿ" ಅಂದಳು.

ಯಾಕಮ್ಮ ಅಂದರೆ
ಸ್ಟೇರಿಂಗಿನ ಹಿಂದೆ ನನ್ನನ್ನೇ ಕೂರಿಸಿದಳು,
ತನ್ನ ಊಟದ ಡಬ್ಬಿ ಗಾಡಿಯ ಮುಂದೆ ನೆಲಕ್ಕಿಟ್ಟು
"ಕಾಣ್ತದಾ?"
ಇಲ್ಲ.
ಎರಡು ಹೆಜ್ಜೆ ಹಿಂದಕ್ಕಿಟ್ಟಳು. ಇಲ್ಲ.
ಡಬ್ಬಿಯ ಪಕ್ಕ ಅವಳೇ ಕುಕ್ಕರಗಾಲಲ್ಲಿ ಕೂತಳು.
ಮುಡಿದ ಹೂವು ಮಾತ್ರ ಕಂಡಿತು.

"ಚೋರಡಿ ಹತ್ತಿರ ಒಂದು ಮಗು, ಇಷ್ಟೇ ಎತ್ತರ,
ಪಾರ್ಸೆಲ್ಲು ಬಂತಾ ಅಂತ ದಿನಾ ಎದುರಿಗೇ ಓಡಿ ಬರ್ತದೆ."
ಅಷ್ಟೇ ಹೇಳಿದಳು. ಏನೂ ಆಗಿರಲಿಲ್ಲ.
ಏನೂ ಆಗಿಲ್ಲ ಅಂತ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡೆ.

ನಾನು ಬೋಲ್ಟು ಬಿಚ್ಚುವಾಗ ಒಳಗೆ ನೆಟ್ಟಗೆ ನಿಂತು ಚೀಲ ಜೋಡಿಸುತ್ತಿದ್ದಳು.
ಬ್ರೆಡ್ಡಿನ ಉಬ್ಬು ಯಾಕೆಂದು ಆಗ ಹೊಳೆಯಿತು;
ಹಳೆಯ ಡ್ರೈವರ್ ಬೆಂಜಮಿನ್ ನೆನಪಾದ.
ಅವನ ಕೆಂಪು ವ್ಯಾನು! ಇಳಿಜಾರು ಚಾವಣಿ, ದುಂಡು ಬಾನೆಟ್ಟು,
ಕುಂಸಿ ಸ್ಟ್ಯಾಂಡಿನಲ್ಲಿ ನಿಂತರೆ ಮದುವೆಯ ಗಂಡು.
ಒಳಗೆ ಚೀಲ ಆಯುತ್ತ ಅವನು ಇಪ್ಪತ್ತಾರು ವರ್ಷ.
ವ್ಯಾನು ಗುಜರಿಗೆ ಹೋದ ಮೇಲೂ
ಆ ಚಾವಣಿಯ ಇಳಿಜಾರು
ಅವನ ಬೆನ್ನಿನಲ್ಲಿ ಹಾಗೇ ಉಳಿದಿತ್ತು.
ಪೇಟೆಯಲ್ಲಿ ಹಿಂದಿನಿಂದ ಕಂಡರೂ
ಯಾವ ಮಾಡೆಲ್ ಅಂತ ಹೇಳಬಹುದಿತ್ತು.

ಗುತ್ಯಮ್ಮ ಎಡಬಾಗಿಲು ಸರಿಸಿ ಇಳಿದಳು,
ರಸ್ತೆಗಲ್ಲ, ಅಂಚಿಗೆ. ಒಂದೇ ಮೆಟ್ಟಿಲು, ಮೊಣಕಾಲಿಗಿಂತ ಕೆಳಗೆ.
ಇದನ್ನು ಗೀಚಿದವರು, ಎಲ್ಲಿಯವರೋ,
ದಿನಕ್ಕೆ ನೂರು ಸಲ ಹತ್ತಿಳಿಯುವ ಕಾಲನ್ನು ಕೇಳಿದ್ದಾರೆ.
ನಾನು ಕ್ಯಾಮೆರಾವನ್ನು ಕೇಳಿದ್ದೆ.

"ಚಂದ ಇತ್ತು ಸಾಬ್ರೆ, ಇಲ್ಲ ಅನ್ನಲ್ಲ" ಅಂದಳು ಹೊರಡುವಾಗ.
ಬಿಚ್ಚಿದ್ದಕ್ಕೆ ರಸೀದಿ ಕೇಳಿದಳು.
ಸದ್ದಿಲ್ಲದೆ ಹೋಯಿತು, ಸಾಗರ ರಸ್ತೆಯಲ್ಲಿ, ಫ್ರಿಜ್ಜು.
ಪರಮೇಶಿ ಇನ್ನೂ ನಗುತ್ತಾನೆ. ನಾನೂ.

ಮೂಗು ತಿಂಗಳೊಪ್ಪತ್ತು ಮೂಲೆಯಲ್ಲಿತ್ತು.
ಆಷಾಢದಲ್ಲಿ ಶೆಡ್ಡಿನ ಮುಂದಿನ ಚರಂಡಿಗೆ
ಒಬ್ಬ ಹುಡುಗನ ಕಾಲಿಳಿದು ಚಪ್ಪಲಿ ಹೋಯಿತು.
ಅಳೆದು ನೋಡಿದೆ: ಎರಡಂಗುಲ ಕಡಿಮೆ.
ಇನ್ನೊಂದು ಪಟ್ಟಿ ಬೆಸೆದು ಕೂರಿಸಿದೆ.

ಈಗ ಹನ್ನೆರಡು ಪಟ್ಟಿಯ ಸಂದಿನಲ್ಲಿ
ನೀರು ಗೊರ ಗೊರ ಎಳೆದುಕೊಳ್ಳುತ್ತದೆ,
ನೆಗಡಿಯಾದ ಮೂಗಿನ ಹಾಗೆ.
ಕ್ರೋಮು ಒಂದು ಬದಿ ಇನ್ನೂ ಹೊಳೆಯುತ್ತದೆ;
ತುಳಿಯುವ ಮುಂಚೆ ಕೆಲವರು
ಬಗ್ಗಿ ಮುಖ ನೋಡಿಕೊಳ್ಳುತ್ತಾರೆ.