ಷಡ್ಡಕನಿಗೆ ಪಟ್ಟಣ ತೋರಿಸಿದ್ದು

ಶ್ರೀರಂಗಪಟ್ಟಣ ಒಂದು ಕಾಲಕ್ಕೆ ರಾಜಧಾನಿ.
ಈಗ ತಾಲ್ಲೂಕು ಕೇಂದ್ರ.
ನಮ್ಮ ಮನೆಗೆ ನೆಂಟರು ಬಂದ ದಿನ ಮಾತ್ರ
ಸಂಜೆಯವರೆಗೆ ಮತ್ತೆ ರಾಜಧಾನಿ.

ದರಿಯಾ ದೌಲತ್ತಿಗೆ ನಾನು ಹೋದದ್ದೆಲ್ಲ
ಇನ್ನೊಬ್ಬರ ಟಿಕೆಟ್ಟು ಕೊಳ್ಳುವುದಕ್ಕೆ.
ಹೆಣ್ಣು ನೋಡಲು ಬಂದ ತುರುವೇಕೆರೆಯವರ ಜೊತೆ ಒಮ್ಮೆ
(ಗೋಡೆಯ ಮೇಲಿನ ಯುದ್ಧವನ್ನು ಮುಕ್ಕಾಲು ಗಂಟೆ ನೋಡಿದರು,
ನನ್ನ ತಂಗಿಯನ್ನು ಐದು ನಿಮಿಷ),
ಆಡಿಟ್ಟಿಗೆ ಬಂದ ಸಾಹೇಬರ ಜೊತೆ ಎರಡು ಸಲ,
ಮಂಡಿನೋವಿನ ಸೋದರತ್ತೆಯ ಜೊತೆ ಅರ್ಧ, ಗೇಟಿನವರೆಗೆ.
ಆ ಗೋಡೆಯ ಕುದುರೆಗಳಿಗೂ
ನನ್ನ ಗುರುತು ಹತ್ತಿರಬೇಕು.

ಈ ಸಲ ಷಡ್ಡಕ.
ಸೇಡಂ ಕಡೆಯ ಸಿದ್ರಾಮಪ್ಪ, ಗೌಂಡಿ ಕೆಲಸ.
ನಮ್ಮ ಕಡೆ ಗಾರೆ ಕೆಲಸ ಅಂತೀವಿ.
ಇಸವಿ ಕೇಳಲಿಲ್ಲ, ಯಾರು ಯಾರನ್ನು ಕೊಂದರು ಕೇಳಲಿಲ್ಲ,
ಹೋದ ಕಡೆಯಲ್ಲೆಲ್ಲ ಮೊದಲು ಮೂಲೆ ನೋಡಿದರು.
ಮಲಗಿದ ರಂಗನಾಥನ ಮುಂದೆ ಕೈಮುಗಿದು
ಮೆಲ್ಲಗೆ ನನ್ನ ಕಿವಿಯಲ್ಲಿ:
'ಎದ್ರ ತಲಿ ಛತ್ತಿಗಿ ಬಡಿತದ ನೋಡ್ರಿ.'
ಸೆರೆಮನೆಯೊಳಗೆ ನಾನು
ಬಾಯಿಪಾಠ ಶುರುಮಾಡಿದರೆ, ಇಲ್ಲಿ ಕೈದಿಗಳನ್ನು
ಹೀಗೆ ಕೈ ಚಾಚಿಸಿ ಕಟ್ಟಿ,
ಅವರು ಕಮಾನಿಗೆ ಅಂಗೈ ಕೊಟ್ಟು ನಿಂತಿದ್ದರು,
ಮಗುವಿನ ಜ್ವರ ನೋಡುವ ಹಾಗೆ.

ರೈಲ್ವೆ ಸ್ಟೇಷನ್ನಿನ ಹತ್ತಿರ
ಆ ಗಿಡ್ಡ ಇಟ್ಟಿಗೆ ಕಟ್ಟಡದ ಮುಂದೆ
ನಾನು ಯಾವತ್ತೂ ಸ್ಕೂಟರು ನಿಲ್ಲಿಸಿದವನಲ್ಲ.
ಯಾವ ನೆಂಟರೂ ಕೇಳಿದವರಲ್ಲ.
ಭುಜ ತಟ್ಟಿ ಇಳಿದರು. ಸುತ್ತು ಬಂದರು. ಬಗ್ಗಿದರು.
'ಇದು ಇಲ್ಲಿ ಹುಟ್ಟಿದ್ದಲ್ಲ ಬಿಡ್ರಿ.
ಗ್ವಾಡಿ ಹಳೀವು, ಕಾಲು ಹೊಸಾವು.'

ಹೇಳಲೇಬೇಕಾಯಿತು.
ಮದ್ದಿನ ಮನೆ ಇದು, ಟಿಪ್ಪು ಕಾಲದ್ದು.
ಜೋಡಿ ಹಳಿಗೆ ಅಡ್ಡ ಇತ್ತು. ಒಡೆಯಲಿಲ್ಲ.
ಬುಡ ಬಿಡಿಸಿ, ಕಬ್ಬಿಣದ ತೊಲೆ ತೂರಿಸಿ,
ಜಾಕಿ ಕೊಟ್ಟು ಎತ್ತಿ,
ದಿನಕ್ಕಿಷ್ಟು ಅಂತ ತಳ್ಳಿಕೊಂಡು ಬಂದು ಇಲ್ಲಿಟ್ಟರು.
ನಾನು ಆಫೀಸು ಮುಗಿಸಿ ಬಂದು ನೋಡುತ್ತಿದ್ದೆ,
ತುಂಬುಬಸುರಿಯನ್ನು ಮಂಚದ ಸಮೇತ ಎತ್ತಿದ ಹಾಗಿತ್ತು,
ಎಲ್ಲರೂ ಉಸಿರು ಬಿಗಿಹಿಡಿದು.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಬಾಯಿ ನಿಲ್ಲಲಿಲ್ಲ.
ನಮ್ಮಜ್ಜಿ ಕನ್ನಂಬಾಡಿಯವಳು, ಅಂದೆ.
ಕಟ್ಟೆಯ ನೀರು ನಿಲ್ಲುತ್ತೆ ಅಂತ ಊರು ಎದ್ದಾಗ
ಎಂಟೋ ಒಂಬತ್ತೋ ಅವಳಿಗೆ.
ಒರಳು, ಎರಡು ಕಂಬ, ಬಾಗಿಲುವಾಡ
ಗಾಡಿಯಲ್ಲಿ ಬಂದವು.
ಹೊಸ ಜಾಗದಲ್ಲಿ ಬಾಗಿಲು ಉತ್ತರಕ್ಕಾಯಿತು.
ಸಾಯುವ ತನಕ ಅಜ್ಜಿ
ರಾತ್ರಿ ನಿದ್ದೆಗಣ್ಣಲ್ಲಿ ಎದ್ದರೆ
ಮೂಡಲ ಗೋಡೆಗೆ ಹೋಗಿ ಹಾಯುತ್ತಿದ್ದಳು.
ಹಣೆಯ ಮೇಲೆ ಒಂದು ಗಂಟು,
ಅಷ್ಟು ಕುಂಕುಮದ ಕೆಳಗೂ ಕಾಣುತ್ತಿತ್ತು.

ಸಿದ್ರಾಮಪ್ಪ ಅಯ್ಯೋ ಅನ್ನಲಿಲ್ಲ.
ಒಂದು ಕಣ್ಣು ಮುಚ್ಚಿ ಹೆಬ್ಬೆರಳು ಎತ್ತಿ
ಮದ್ದಿನ ಮನೆಯ ಮೂಲೆಯನ್ನು ಅದಕ್ಕೆ ಹಿಡಿದು ನೋಡಿದರು.
'ಇದು ಸರಿ ಕುಂತದ.'
ಮೈಸೂರಿನ ಗಾಡಿ ಬಂತು.
ನೆಲ ನಡುಗಿತು, ಕಟ್ಟಡ ನಡುಗಲಿಲ್ಲ,
ಅಥವಾ ನಡುಗಿದ್ದು ನನಗೆ ಕಾಣಲಿಲ್ಲ.
ಅವರು ಮಾತ್ರ ಗೋಡೆಯಿಂದ ಕೈ ತೆಗೆದಿರಲಿಲ್ಲ.

ಗುಂಬಜ್ ಬಾಕಿ ಇತ್ತು, ಸಂಗಮ ಬಾಕಿ ಇತ್ತು,
ಮಸೀದಿಯ ಮೆಟ್ಟಿಲು ಹತ್ತಿ ಪಾರಿವಾಳದ ಗೂಡು
ತೋರಿಸುವುದಿತ್ತು. ನಂಗೆ ಅದು ಚೆನ್ನಾಗಿ ಬರುತ್ತೆ.
ಅವರು ಕೇಳಿದರು:
'ಆಯಿ ಮನಿ ಬಾಗಲಾ ಈಗ ಎಲ್ಲದ್ರಿ?'

ನಮ್ಮ ಹಿತ್ತಿಲ ಬಚ್ಚಲಿಗೆ ಹಾಕಿದೀವಿ, ಅಂದೆ.
ಯಾಕೋ ನಾಚಿಕೆಯಾಯಿತು.
'ನಡ್ರಿ ಮತ್ತ.'

ತಿರುಗಿಸಿದೆ ಸ್ಕೂಟರು.
ಕೋಟೆ ಬಾಗಿಲು ದಾಟಿ, ಕಬ್ಬಿನಹಾಲಿನ ಗಾಡಿ ದಾಟಿ,
ಟೂರಿಸ್ಟು ಬಸ್ಸುಗಳಿಗೆ ಎದುರಾಗಿ ಹೋದೆವು.
ಹಿಂದೆ ಕೂತವರು ಗಾಳಿಯಲ್ಲಿ
ಕೂಗಿ ಕೂಗಿ ಕೇಳುತ್ತಲೇ ಇದ್ದರು,
ಸಾಗವಾನಿಯೋ, ಹೊನ್ನೆಯೋ,
ಹೊಸ್ತಿಲು ಅದೇನೋ, ಬ್ಯಾರೆ ಮಾಡಿಸಿರೇನೋ,
ಮೊಳೆಯೋ, ಕಟ್ಟಿಗೆ ಗೂಟವೋ.